ಮುತ್ಯಾನ ಬಂದೂಕಿಗೆ ರೇಟು ಎಷ್ಟು?

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ)

 

ಇವತ್ತಿನ ಸಂಚಿಕೆ ಶುರುವಾಗಿದ್ದು ಒಂದು ವಾಟ್ಸಾಪ್ ಫೋಟೋದಿಂದ. ಬೀದರ್ ಜಿಲ್ಲೆ ಕಮಲನಗರದಲ್ಲಿ ನಮ್ಮ ಕಾಕಾ ಇದ್ದಾರೆ. ಒಂದು ರಾತ್ರಿ ಅವರ ಮಗ, ನನಗೆ ತಮ್ಮ ಆಗಬೇಕು, ಫೋಟೋ ಕಳಿಸಿದ. ಹಾಸಿಗೆ ಮೇಲೆ ಒಂದು ಹಳೇ ಬಂದೂಕು. ಕಟ್ಟಿಗೆಯ ಹಿಡಿ ಕಪ್ಪಾಗಿದೆ. ಎರಡು ನಳಿಕೆ ಅಕ್ಕಪಕ್ಕ. ಕೆಳಗೆ ಮೆಸೇಜ್: "ಅಕ್ಕಾ, ಮುತ್ಯಾಂದು. 8 ಲಕ್ಷ ಬರ್ತಾವಂತ. ನೀ ಏನಂತಿ?"

ಮುತ್ಯಾ ತೀರಿಕೊಂಡು ಆಗ ಐದು ತಿಂಗಳಾಗಿತ್ತು. ಆ ವರ್ಷ ಕೊಯ್ಲಿನ ಹೊತ್ತಿಗೆ ಮಳೆ ಬಂದು ಸೋಯಾ ಕಪ್ಪಾಗಿ ಕೈಕೊಟ್ಟಿತ್ತು. ತಮ್ಮನ ತಂಗಿಗೆ ನರ್ಸಿಂಗ್ ಕಾಲೇಜಲ್ಲಿ ಸೀಟು ಸಿಕ್ಕಿತ್ತು, ಫೀ ಕಟ್ಟೋದಕ್ಕೆ ಇದ್ದದ್ದು ಮೂರೇ ವಾರ. ಅಂಥ ಮನೆಗೆ 8 ಲಕ್ಷ ಅಂದ್ರೆ ಸಣ್ಣ ಮಾತಲ್ಲ.

ನಾನು ಫೋನ್ ಮಾಡಿ ಕೇಳಿದೆ, "8 ಲಕ್ಷ ಅಂತ ಯಾರು ಹೇಳಿದ್ರೋ?"

"ನೆಟ್‌ನಾಗ ನೋಡೀನಿ ಅಕ್ಕಾ. ಇಂಥದ್ದೇ ಬಂದೂಕು ಲಂಡನ್‌ನಾಗ ಹರಾಜಿಗಿ ಇಟ್ಟಾರ. ಪೌಂಡಿನಾಗಿಂದ ರೂಪಾಯಿ ಮಾಡಿದ್ರ 8 ಲಕ್ಷ ಆಗ್ತಾವ. ಇಲ್ಲಿ ಒಬ್ಬಾತ ಫೋನ್ ಮಾಡ್ಯಾನ. 3 ಲಕ್ಷ ನಗದು ಕೊಡ್ತೀನಿ, ಕಾಗದ-ಪತ್ರ ಏನೂ ಬ್ಯಾಡ, ಉದಗೀರಿಗಿ ತಗೊಂಡು ಬಾ ಅಂತಾನ."

ನನ್ನ ಎದೆ ಧಸಕ್ಕಂತು. ಕಮಲನಗರದಿಂದ ಬೀದರ್-ಲಾತೂರ್ ಲೈನಿನ ರೈಲು ಹತ್ತಿದ್ರೆ ಮುಂದಿನ ದೊಡ್ಡ ಊರೇ ಉದಗೀರ್. ಸಂತೆಗೆ, ದವಾಖಾನೆಗೆ, ಬಟ್ಟೆಗೆ ನಮ್ಮವರು ದಿನಾ ಹೋಗಿಬರೋ ಊರು. ಅದಕ್ಕೇ ಹುಡುಗನಿಗೆ ಇದೂ ಒಂದು ಸಂತೆ ವ್ಯಾಪಾರ ಅನ್ನಿಸಿಬಿಟ್ಟಿತ್ತು. ಆದರೆ ಬಂದೂಕು ಸಂತೆಯ ಸಾಮಾನಲ್ಲ. ನಾನು ಒಂದೇ ಮಾತು ಹೇಳಿದೆ: "ಆ ಬಂದೂಕು ಮುಟ್ಟಬ್ಯಾಡ. ಕಾಕಾಗ ಫೋನ್ ಕೊಡು."

ಅಲ್ಲಿಂದ ಮುಂದೆ ಸುಮಾರು ನಾಲ್ಕು ತಿಂಗಳು ನಾನು ಕಲಿತದ್ದನ್ನೆಲ್ಲ ಇವತ್ತು ನಿಮ್ಮ ಮುಂದೆ ಇಡ್ತೀನಿ. ನಿಮ್ಮ ಮನೆಯ ಅಟ್ಟದ ಮೇಲೋ ಅಲ್ಮಾರಿಯಲ್ಲೋ ಇಂಥದ್ದೊಂದು ಇದ್ರೆ ಉಪಯೋಗಕ್ಕೆ ಬರ್ತದೆ.

ಒಂದೇ ಬಂದೂಕು, ಎರಡು ಥರದ ನಳಿಕೆ

ಮೊದಲು ವಸ್ತು ಏನು ಅಂತ ತಿಳ್ಕೊಳ್ಳೋಣ. ಮುತ್ಯಾನ ಬಂದೂಕು ನೋಡೋಕೆ ಸಾದಾ ಡಬಲ್ ಬ್ಯಾರಲ್. ಆದರೆ ನಳಿಕೆಯೊಳಗೆ ಇಣುಕಿದ್ರೆ ಎರಡೂ ಬೇರೆ ಬೇರೆ.

ಬಲಗಡೆಯದು ಒಳಗೆ ಗಾಜಿನಂತೆ ನುಣುಪು. ಅದು 12 ಬೋರ್. ಕಾರ್ತೂಸಿನ ತುಂಬ ಛರ್ರಾ, ಅಂದ್ರೆ ಸೀಸದ ಸಣ್ಣ ಸಣ್ಣ ಗುಂಡು. ಹೊಡೆದ್ರೆ ಹರಡಿಕೊಂಡು ಹೋಗ್ತವೆ. ಹತ್ತಿರದ, ಓಡುವ, ಹಾರುವ ಬೇಟೆಗೆ ಮಾಡಿದ್ದು. ಈ 12 ಅನ್ನೋ ಲೆಕ್ಕವೂ ಮಜಾ ಇದೆ. ಆ ನಳಿಕೆಗೆ ಸರಿಯಾಗಿ ಕೂರುವ ಸೀಸದ ಉಂಡೆಗಳನ್ನು ಮಾಡಿ ತೂಗಿದ್ರೆ, 12 ಉಂಡೆಗೆ ಒಂದು ಪೌಂಡ್ ಆಗ್ತದೆ, ಅಂದ್ರೆ ಸುಮಾರು 450 ಗ್ರಾಂ. ಅದಕ್ಕೇ 12 ಬೋರ್.

ಎಡಗಡೆಯದರ ಒಳಗೆ ಸುರುಳಿ ಸುರುಳಿ ಗೀರು. ಅದು ರೈಫಲ್ ನಳಿಕೆ. ಆ ಗೀರುಗಳು ಗುಂಡನ್ನು ಬುಗುರಿಯಂತೆ ತಿರುಗಿಸ್ತವೆ, ಹಾಗಾಗಿ ಅದು ದೂರದ ತನಕ ನೆಟ್ಟಗೆ ಹೋಗ್ತದೆ. ಮುತ್ಯಾನದರಲ್ಲಿ ಅದು .450 ಎಕ್ಸ್‌ಪ್ರೆಸ್. ಕರಿಮದ್ದಿನ ಕಾಲದ, 1800ರ ದಶಕಗಳ ಇಂಗ್ಲಿಷ್ ಅಳತೆ.

ಹೀಗೆ ಯಾಕೆ ಮಾಡ್ತಿದ್ರು? ಕಾಡಿಗೆ ಹೋದ ಶಿಕಾರಿಗೆ ಮುಂದೆ ಕವುಜುಗ ಹಾರ್ತದೋ, ಹಂದಿ ನುಗ್ತದೋ ಗೊತ್ತಿರೋದಿಲ್ಲ. ಎರಡು ಬಂದೂಕು ಹೊರೋ ಬದಲು ಒಂದರಲ್ಲೇ ಎರಡೂ. ಜರ್ಮನಿ, ಆಸ್ಟ್ರಿಯಾ ಕಡೆ ಇದನ್ನು ಇನ್ನೂ ಮುಂದೆ ಒಯ್ದರು. ಮೇಲೆ ಎರಡು ನುಣುಪು ನಳಿಕೆ, ಕೆಳಗೆ ಒಂದು ರೈಫಲ್ ನಳಿಕೆ. ಹೆಸರು ಡ್ರಿಲ್ಲಿಂಗ್. ಅವರ ಭಾಷೆಯಲ್ಲಿ ಮೂರರ ಜೋಡಿ ಅಂತ ಅರ್ಥ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ವಾಯುಪಡೆ ಆಫ್ರಿಕಾದ ಮೇಲೆ ಹಾರುವ ಪೈಲಟ್‌ಗಳಿಗಾಗಿ, ಮರುಭೂಮಿಯಲ್ಲಿ ಬಿದ್ದರೆ ಬದುಕೋದಕ್ಕೆ ಇರಲಿ ಅಂತ ಸಾವರ್ ಕಂಪನಿಯಿಂದ ಇಂಥ ಬಂದೂಕು ಮಾಡಿಸಿತ್ತು.

ಇಂಗ್ಲಿಷರು ಭಾರತಕ್ಕೆ ತಂದದ್ದು ಇನ್ನೊಂದು ಉಪಾಯ. ಇಲ್ಲಿನ ಸೈನ್ಯದಲ್ಲಿದ್ದ ಫಾಸ್ಬೆರಿ ಅನ್ನೋ ಅಧಿಕಾರಿ 1885ರಲ್ಲಿ ಪೇಟೆಂಟ್ ತಗೊಂಡ. ನಳಿಕೆಯೆಲ್ಲ ನುಣುಪು, ಬಾಯಿಯ ಹತ್ತಿರದ ಕೆಲವೇ ಇಂಚು ಮಾತ್ರ ಗೀರು. ಛರ್ರಾನೂ ಹೊಡೆಯಬಹುದು, ದಪ್ಪ ಗುಂಡನ್ನೂ ಹೊಡೆಯಬಹುದು. ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿ ಅದನ್ನು ಪ್ಯಾರಡಾಕ್ಸ್ ಅನ್ನೋ ಹೆಸರಲ್ಲಿ ಮಾರಿತು. ಶಿಕಾರಿಯ ಕಾಲದಲ್ಲಿ ಇಂಥವಕ್ಕೆ ಭಾರತ ದೊಡ್ಡ ಗಿರಾಕಿ.

ನಮ್ಮ ಮನೆಗೆ ಬಂದದ್ದರ ಕಥೆ ಇಷ್ಟು: ನಮ್ಮ ಕಡೆ ಎಲ್ಲ ಆಗ ಹೈದರಾಬಾದ್ ನಿಜಾಮನ ರಾಜ್ಯ. 1948ರ ಪೊಲೀಸ್ ಕಾರ್ಯಾಚರಣೆ ಆಗಿ, ಜಾಗೀರು ಹೋದಮೇಲೆ, ಒಂದು ಜಾಗೀರದಾರರ ಮನೆಯ ಸಾಮಾನು ಮಾರಾಟಕ್ಕೆ ಬಂದವು. ಮುತ್ಯಾನ ಅಪ್ಪ ಅದರಲ್ಲಿ ಈ ಬಂದೂಕು ತಗೊಂಡಿದ್ದರಂತೆ. ಎಡಗಡೆ ನಳಿಕೆಗೆ ಕಾರ್ತೂಸು ಆಗಲೂ ಇರಲಿಲ್ಲ. ಮುತ್ಯಾ ತನ್ನ ಜನ್ಮದಲ್ಲಿ ಅದರಿಂದ ಒಂದು ಗುಂಡೂ ಹೊಡೆದಿಲ್ಲ.

ಮೊದಲು ಕಾನೂನು, ಆಮೇಲೆ ರೇಟು

ಕಾಕಾಗೆ ನಾನು ಕೇಳಿದ ಮೊದಲ ಪ್ರಶ್ನೆ, "ಲೈಸೆನ್ಸ್ ಯಾರ ಹೆಸರಿಗದ ಕಾಕಾ?"

"ಅಪ್ಪಂದೇ ಅದವಾ."

ಇಲ್ಲೇ ಇದೆ ಗುಂಡಿ. ಬಂದೂಕಿನ ಲೈಸೆನ್ಸ್ ಹೊಲದ ಪಹಣಿಯಂತಲ್ಲ, ವಾರಸಾ ಅಂತ ತಾನಾಗೇ ಇಳಿದು ಬರೋದಿಲ್ಲ. ಅದು ಒಬ್ಬ ಮನುಷ್ಯನಿಗೆ ಕೊಟ್ಟ ಅನುಮತಿ. ಆತ ಹೋದರೆ ಅದೂ ಹೋಯ್ತು. ಆಮೇಲೆ ಬಂದೂಕು ಮನೆಯಲ್ಲೇ ಇದ್ರೆ, ಮನೆಯಲ್ಲಿ ಇರೋರು ಲೈಸೆನ್ಸ್ ಇಲ್ಲದ ಬಂದೂಕು ಇಟ್ಟುಕೊಂಡ ಹಾಗೆ. 1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದಮೇಲೆ ಈ ತಪ್ಪಿಗೆ ಶಿಕ್ಷೆ ಕನಿಷ್ಠ 2 ವರ್ಷ, ಹೆಚ್ಚಂದ್ರೆ 5 ವರ್ಷ ಜೈಲು. ತಮ್ಮ ಅದನ್ನು ಚೀಲದಲ್ಲಿ ಹಾಕ್ಕೊಂಡು ಉದಗೀರ್ ರೈಲು ಹತ್ತಿದ್ದರೆ? ಕೇಸು ಅವನ ಮೇಲೆ. 3 ಲಕ್ಷ ಕೊಡ್ತೀನಿ ಅಂದವನು ಆ ಬಂದೂಕಿಂದ ಮುಂದೆ ಏನಾದ್ರೂ ಮಾಡಿದ್ದರೆ, ಬಂದೂಕಿನ ನಂಬರ್ ಹಿಡಿದು ಪೊಲೀಸರು ಬರೋದು ನಮ್ಮ ಬಾಗಿಲಿಗೆ.

ಹಾಗಾದ್ರೆ ಸರಿಯಾದ ದಾರಿ ಯಾವುದು? ಕಾಯ್ದೆಯ 21ನೇ ಕಲಮು ಹೇಳ್ತದೆ: ಇಟ್ಟುಕೊಳ್ಳೋ ಹಕ್ಕು ಮುಗಿದ ಮೇಲೆ ತಡ ಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರೋ ಡೀಲರ್ ಹತ್ತಿರ ಜಮಾ ಮಾಡಬೇಕು. ಜಮಾ ಮಾಡಿದ್ರೆ ಕಳ್ಕೊಂಡಂಗಲ್ಲ. ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಮಾಡಿಸ್ಕೊಂಡು ವಾಪಸ್ ತಗೋಬಹುದು. ಬೇಡ ಅಂದ್ರೆ, ಅಲ್ಲಿಂದಲೇ ಹಕ್ಕಿರೋ ಇನ್ನೊಬ್ಬರಿಗೆ ಮಾರಬಹುದು. ಆದರೆ ಗಡುವು ಇರ್ತದೆ. ಅದರೊಳಗೆ ಏನೂ ಮಾಡದೆ ಬಿಟ್ಟರೆ ಜಿಲ್ಲಾ ಮ್ಯಾಜಿಸ್ಟ್ರೇಟ್ ಆದೇಶದಿಂದ ಅದು ಸರಕಾರದ ಪಾಲು.

ಕಾಕಾ ಬಂದೂಕು ಹೊತ್ತುಕೊಂಡು ಹೋಗಲಿಲ್ಲ. ಮೊದಲು ಲೈಸೆನ್ಸ್ ಪುಸ್ತಕ, ಮರಣ ಪತ್ರ, ಆಧಾರ್ ತಗೊಂಡು ಠಾಣೆಗೆ ಹೋಗಿ ಇದ್ದದ್ದು ಇದ್ದಂಗೆ ಹೇಳಿದರು. ತಡ ಯಾಕಾಯ್ತು ಅಂತ ಬರೆಸಿಕೊಂಡರು. ಸಿಬ್ಬಂದಿ ಜೊತೆಗೆ ಬಂದು, ನಳಿಕೆ ಖಾಲಿ ಇದೆಯಾ ನೋಡಿ, ನಂಬರ್ ತಾಳೆ ಹಾಕಿ ಒಯ್ದರು. ಕೈಗೆ ರಸೀದಿ ಬಂತು. ಆ ರಸೀದಿ ಕೈಗೆ ಬಂದ ದಿನ ಕಾಕು ದೇವರ ಮುಂದೆ ದೀಪ ಹಚ್ಚಿದರು. ಫೀ ಹಣ ಇನ್ನೂ ಬಂದಿರಲಿಲ್ಲ, ಆದರೆ ಮಗ ಮನೆಯಲ್ಲಿದ್ದ.

ಕೊಳ್ಳೋರು ಯಾರು?

ಈಗ ರೇಟಿನ ಮಾತು. ಯಾವ ಹಳೇ ಸಾಮಾನಿಗೂ ಬೆಲೆ ಬರೋದು ಕೊಳ್ಳೋರಿದ್ದರೆ. ಮೊಬೈಲ್ ಮಾರೋಕೆ ಹೋದ್ರೆ ಊರೆಲ್ಲ ಗಿರಾಕಿ. ಬಂದೂಕಿಗೆ ಹಾಗಲ್ಲ. ಒಂದೊಂದೇ ಬಾಗಿಲು ಮುಚ್ಚುತ್ತಾ ಹೋಗ್ತದೆ.

ಮೊದಲನೇ ಬಾಗಿಲು, ಲೈಸೆನ್ಸ್. ಕೊಳ್ಳೋನಿಗೆ 21 ವರ್ಷ ತುಂಬಿರಬೇಕು, ಕೈಯಲ್ಲಿ ಲೈಸೆನ್ಸ್ ಇರಬೇಕು, ಅದರಲ್ಲಿ ಇನ್ನೊಂದು ಬಂದೂಕಿಗೆ ಜಾಗ ಇರಬೇಕು. 2019ರ ತನಕ ಒಬ್ಬರು 3 ಬಂದೂಕು ಇಟ್ಟುಕೊಳ್ಳಬಹುದಿತ್ತು. ಈಗ 2 ಮಾತ್ರ. ವಾರಸಿನಿಂದ ಬಂದರೂ 2 ದಾಟುವಂತಿಲ್ಲ. ಮೂರನೇದು ಇದ್ದವರು ಒಂದು ವರ್ಷದೊಳಗೆ ಜಮಾ ಮಾಡಬೇಕು ಅಂತಾಯ್ತು. ಹಾಗೆ ಬಿಡೋ ಹೊತ್ತಿಗೆ ಯಾವುದನ್ನು ಬಿಡ್ತಾರೆ? ಕೆಲಸಕ್ಕೆ ಬಾರದ ಹಳೇದನ್ನು. ಅಂದ್ರೆ ಮಾರೋರು ಹೆಚ್ಚಾದರು, ಕೊಳ್ಳೋರ ಜಾಗ ಕಡಿಮೆಯಾಯ್ತು.

ಇಲ್ಲಿ ತಮ್ಮ ಒಂದು ಒಳ್ಳೆ ಪ್ರಶ್ನೆ ಕೇಳಿದ. "ಅಕ್ಕಾ, ಎರಡೇ ಬಂದೂಕು ಅಂದ್ರ ನಮ್ಮಂಥದ್ದಕ್ಕ ರೇಟು ಏರಬೇಕಲ್ಲ? ಒಂದರ ಜಾಗದಾಗ ಎರಡು ಕೆಲಸ ಮಾಡ್ತದ." ಲೆಕ್ಕ ಸರಿ. ಆದರೆ ಆ ಎರಡೂ ಕೆಲಸ ಈಗ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಶಿಕಾರಿಯೇ ನಿಂತಿತು. ಇವತ್ತು ಲೈಸೆನ್ಸ್ ಕೇಳೋರು ಸ್ವರಕ್ಷಣೆಗೆ ಅಂತಲೋ, ಶೂಟಿಂಗ್ ಆಟಕ್ಕೆ ಅಂತಲೋ ಕೇಳ್ತಾರೆ. ಸ್ವರಕ್ಷಣೆಗೆ ಅನ್ನೋರಿಗೆ ಸೊಂಟದಲ್ಲಿ ಇಟ್ಟುಕೊಳ್ಳೋ ರಿವಾಲ್ವರ್ ಬೇಕು. ಆಟದವರಿಗೆ ಅವರ ಸ್ಪರ್ಧೆಯ ನಿಯಮಕ್ಕೆ ಸರಿಹೊಂದೋ ಬಂದೂಕು ಬೇಕು. ಕವುಜುಗ-ಹಂದಿ ಎರಡಕ್ಕೂ ಅಂತ ಮಾಡಿದ್ದು ಇಬ್ಬರಿಗೂ ಬೇಡ.

ಎರಡನೇ ಬಾಗಿಲು, ಲೈಸೆನ್ಸಿನಲ್ಲಿ ಬರೆದ ಅಕ್ಷರ. ಲೈಸೆನ್ಸ್ ಅಂದ್ರೆ "ಯಾವ ಬಂದೂಕಾದ್ರೂ ತಗೋ" ಅಂತಲ್ಲ. ಯಾವ ಜಾತಿಯದು, ಯಾವ ಬೋರು ಅಂತ ಅದರಲ್ಲಿ ನಮೂದು ಇರ್ತದೆ. ನುಣುಪು ನಳಿಕೆಯ ಬಂದೂಕಿಗೆ ಕಾಯ್ದೆಯೇ ಸ್ವಲ್ಪ ಸಡಿಲ. ಸ್ವರಕ್ಷಣೆಗೆ, ಆಟಕ್ಕೆ ಅಂತ ಕೇಳುವ, ನಳಿಕೆ 20 ಇಂಚಿಗೆ ಕಡಿಮೆ ಇಲ್ಲದ ನುಣುಪು ಬಂದೂಕು, ಮತ್ತೆ ಬೆಳೆ ಕಾಯೋದಕ್ಕೆ ಅಂತ ಕೇಳುವ ಬಾಯಿಂದ ಮದ್ದು ತುಂಬೋ ಬಂದೂಕು. ಇವಕ್ಕೆ 13ನೇ ಕಲಮಿನಲ್ಲಿ ಬೇರೆಯೇ ದಾರಿ ಇದೆ. ರೈಫಲ್ ಆ ದಾರಿಯಲ್ಲಿ ಬರೋದಿಲ್ಲ. ಮುತ್ಯಾನ ಬಂದೂಕಿಗೆ ಒಂದು ನಳಿಕೆ ಸಡಿಲ ಕಡೆ, ಇನ್ನೊಂದು ಬಿಗಿ ಕಡೆ. ಬರೀ 12 ಬೋರ್ ಡಬಲ್ ಬ್ಯಾರಲ್ ಅಂತ ಬರೆದ ಲೈಸೆನ್ಸ್ ಇದ್ದವನು ಇದನ್ನು ಮನೆಗೆ ಒಯ್ದರೆ, ಎಡಗಡೆ ನಳಿಕೆ ಅವನ ಲೈಸೆನ್ಸಿನಲ್ಲಿ ಇಲ್ಲ.

ಮೂರನೇದು, ಸಮಯ. ಖಾಸಗಿ ವ್ಯಕ್ತಿ ತನ್ನ ಬಂದೂಕನ್ನು ಇನ್ನೊಬ್ಬರಿಗೆ ಮಾರೋದಿದ್ದರೆ, ಯಾರಿಗೆ ಮಾರ್ತೀನಿ ಅಂತ ಹೆಸರು-ವಿಳಾಸ ಸಮೇತ ಜಿಲ್ಲಾ ಮ್ಯಾಜಿಸ್ಟ್ರೇಟ್‌ಗೆ ಅಥವಾ ಹತ್ತಿರದ ಠಾಣೆಗೆ ಬರೆದು ಕೊಡಬೇಕು. ಬರೆದು ಕೊಟ್ಟು ಕನಿಷ್ಠ 45 ದಿನ ಕಾಯಬೇಕು. ಮೂರು ವಾರದಲ್ಲಿ ಫೀ ಕಟ್ಟಬೇಕಾದ ಮನೆಗೆ ಈ ಒಂದೇ ಸಾಲು ಸಾಕು, ಈ ಹಣ ಆ ಕೆಲಸಕ್ಕೆ ಆಗೋದಿಲ್ಲ ಅಂತ ತಿಳಿಯೋಕೆ.

ಕಾರ್ತೂಸು ಇಲ್ಲದಿದ್ದರೆ ಕಬ್ಬಿಣದ ಪೈಪು

ನಮ್ಮ ದೇಶದಲ್ಲಿ ಹಳೇ ಬಂದೂಕಿನ ಬೆಲೆ ತಿಳಿಯೋಕೆ ಒಂದು ಸುಲಭ ಪ್ರಶ್ನೆ: ಇದಕ್ಕೆ ಕಾರ್ತೂಸು ಇಲ್ಲೇ ಸಿಗ್ತದಾ?

12 ಬೋರಿಗೆ ಸಿಗ್ತದೆ. ಪುಣೆ ಹತ್ತಿರದ ಖಡ್ಕಿ ಕಾರ್ಖಾನೆಯ ಶಕ್ತಿಮಾನ್ ಕಾರ್ತೂಸು ಲೈಸೆನ್ಸ್‌ದಾರರಿಗೆಲ್ಲ ಗೊತ್ತಿರೋ ಹೆಸರು. ರೈಫಲ್‌ನಲ್ಲಿ .315ಕ್ಕೆ ಸಿಗ್ತದೆ. ಅದರ ಹಿಂದೆಯೂ ಒಂದು ಕಥೆ ಇದೆ. ಬ್ರಿಟಿಷರ ಕಾಲದಲ್ಲಿ ಸೈನ್ಯದ ರೈಫಲ್ .303. ಆ ಕಾರ್ತೂಸು ಜನರ ಕೈಗೆ ಸೇರಬಾರದು ಅಂತ ಜನಸಾಮಾನ್ಯರಿಗೆ ಬೇರೆ ಅಳತೆಯದು, .315, ಕೊಟ್ಟರು. ಬಂಗಾಳದ ಇಶಾಪುರ ಕಾರ್ಖಾನೆ ಅದನ್ನು ಮಾಡ್ತಾ ಬಂತು. ಇವತ್ತಿಗೂ .303, 9 ಎಂಎಂ ಇವೆಲ್ಲ ನಿಷೇಧಿತ ಬೋರು, ಸಾಮಾನ್ಯ ಲೈಸೆನ್ಸಿಗೆ ಸಿಗೋದಿಲ್ಲ.

ಡ್ರಿಲ್ಲಿಂಗ್ ಥರದ ಬಂದೂಕುಗಳ ರೈಫಲ್ ನಳಿಕೆ ಇರೋದು ಯುರೋಪಿನ ಶಿಕಾರಿ ಅಳತೆಗಳಲ್ಲಿ. ನಮ್ಮ .450 ಅಂತೂ ನೂರು ವರ್ಷ ಹಿಂದಿನದು. ಇವು ಯಾವುದೂ ನಮ್ಮ ಕಾರ್ಖಾನೆಗಳ ಮಾಲಲ್ಲ. ಹೊರಗಿಂದ ತರಿಸೋಣ ಅಂದ್ರೆ 1980ರ ದಶಕದ ಮಧ್ಯದಿಂದ ಸಾಮಾನ್ಯ ಲೈಸೆನ್ಸ್‌ದಾರರಿಗೆ ಆಮದಿನ ಬಾಗಿಲು ಮುಚ್ಚಿದೆ. ಹೆಸರು ಮಾಡಿದ ಶೂಟರ್‌ಗಳಿಗೆ ಅವರ ಆಟದ ಬಂದೂಕಿಗೆ ಮಾತ್ರ ವಿನಾಯಿತಿ.

ಇದರಿಂದ ಒಂದು ವಿಚಿತ್ರ ಆಗಿದೆ. ಆಮದು ನಿಂತಿದ್ದರಿಂದ ಕೆಲವು ವಿದೇಶಿ ಬಂದೂಕುಗಳ ಬೆಲೆ ಇಲ್ಲಿ ಆಕಾಶಕ್ಕೆ ಏರಿದೆ. ಇಲ್ಲೇ ಕಾರ್ತೂಸು ಸಿಗೋ ಒಳ್ಳೆ ವಿದೇಶಿ ರಿವಾಲ್ವರ್ ಇದ್ದರೆ, ಅದರ ಹೊಸ ಬೆಲೆಯ ಎಷ್ಟೋ ಪಟ್ಟು ಕೊಡೋರಿದ್ದಾರೆ. "ವಿದೇಶಿ ಬಂದೂಕು ಅಂದ್ರ ಬಂಗಾರ" ಅನ್ನೋ ಮಾತು ಹುಟ್ಟಿದ್ದು ಅಲ್ಲಿಂದ. ಆದರೆ ಅದೇ ಬೀಗ, ಕಾರ್ತೂಸು ಇಲ್ಲದ ಬಂದೂಕನ್ನು ಕಬ್ಬಿಣದ ಪೈಪು ಮಾಡಿಬಿಡ್ತದೆ.

ಲಂಡನ್ ಹರಾಜಿನ 8 ಲಕ್ಷದ ಗುಟ್ಟೂ ಇದೇ. ಅಲ್ಲಿ ಸಂಗ್ರಹಕಾರರಿದ್ದಾರೆ, ಕಾನೂನುಬದ್ಧ ಶಿಕಾರಿ ಇದೆ, ಹಳೇ ಅಳತೆಯ ಕಾರ್ತೂಸನ್ನು ಕೈಯಿಂದ ತುಂಬಿಕೊಳ್ಳೋರಿದ್ದಾರೆ. ನಮ್ಮದನ್ನು ಅಲ್ಲಿಗೆ ಕಳಿಸೋಣ ಅಂದ್ರೆ, 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಐತಿಹಾಸಿಕ ವಸ್ತುಗಳನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಬಂದೂಕಿನ ರಫ್ತಿಗೆ ಬೇರೆಯೇ ಲೈಸೆನ್ಸ್ ಬೇಕು. ಅಂದ್ರೆ ಆ 8 ಲಕ್ಷ ಇರೋದು ನಮಗೆ ಹೋಗೋಕೆ ಆಗದ ಸಂತೆಯಲ್ಲಿ.

ಹಂದಿ ಹೊಲಕ್ಕೆ ಬಂದ್ರೆ?

ನಮ್ಮ ಕಡೆಯವರು ಕೇಳೋ ಮಾತು ಇದು. ಕಬ್ಬಿಗೆ, ಜೋಳಕ್ಕೆ ಹಂದಿ ಬೀಳ್ತವೆ. ಬೀದರ್ ಸುತ್ತ ಹೊಲಗಳಲ್ಲಿ ಚಿಗರಿ ಹಿಂಡು ಹಿಂಡಾಗಿ ಮೇಯ್ತವೆ. "ರೈತರು ಕೊಳ್ತಾರಲ್ಲ?" ಅಂತ ಕಾಕಾ ಅಂದರು.

ಬಂದೂಕಿನ ಲೈಸೆನ್ಸ್ ಬೇರೆ, ಪ್ರಾಣಿ ಹೊಡೆಯೋ ಅನುಮತಿ ಬೇರೆ. ಹಂದಿ ಬೆಳೆ ಹಾಳು ಮಾಡಿದ್ರೂ ಅರಣ್ಯ ಇಲಾಖೆಯ ಅಧಿಕಾರ ಇರೋ ಅಧಿಕಾರಿ ಲಿಖಿತವಾಗಿ ಅನುಮತಿ ಕೊಡದೆ ಹೊಡೆಯುವಂತಿಲ್ಲ. ಚಿಗರಿ, ಅಂದ್ರೆ ಕೃಷ್ಣಮೃಗ, ಕಾಯ್ದೆಯ ಮೊದಲನೇ ಪಟ್ಟಿಯಲ್ಲಿದೆ. ಬೆಳೆ ತಿಂತು ಅಂತ ಅದರ ಮೇಲೆ ಬಂದೂಕು ಎತ್ತಿದ್ರೆ ಜೈಲು ಖಚಿತ ಅಂತಲೇ ತಿಳೀರಿ. ಹಾಗಾಗಿ ರೈತ ಇವತ್ತು ತಂತಿಬೇಲಿಗೆ ಹಣ ಹಾಕ್ತಾನೆ, ಪರಿಹಾರಕ್ಕೆ ಅರ್ಜಿ ಹಾಕ್ತಾನೆ. ಮುತ್ಯಾನ ಬಂದೂಕಿಗೆ ಹಾಕೋದಿಲ್ಲ.

ಇದೇ ರಾಜ್ಯದ ಇನ್ನೊಂದು ಮೂಲೆಗೆ ಹೋದ್ರೆ ಲೆಕ್ಕವೇ ಬೇರೆ. ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬಂದೂಕಿನ ಲೈಸೆನ್ಸಿನಿಂದ ವಿನಾಯಿತಿ ಇದೆ. ಅದರ ಬೇರು 1861ರಷ್ಟು ಹಳೇದು. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರ ತನಕ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಅಲ್ಲಿ ಕೈಲ್ ಪೊಳ್ದ್ ಹಬ್ಬದ ದಿನ ಬಂದೂಕಿಗೆ ಹೂವಿಟ್ಟು ಪೂಜೆ ಮಾಡ್ತಾರೆ. ಪೂಜೆಯ ವಸ್ತುವಿಗೆ ಮನೆಯವರು ಕಟ್ಟೋ ಬೆಲೆ ಬೇರೆ, ಅಂಗಡಿಯವನು ಕಟ್ಟೋ ಬೆಲೆ ಬೇರೆ. ನಮ್ಮ ಮನೆಯಲ್ಲೂ ದಸರೆಗೆ ಮುತ್ಯಾ ಅದಕ್ಕೆ ಬನ್ನಿ ಎಲೆ ಇಡ್ತಿದ್ದರು. ಆದರೆ ಕಮಲನಗರಕ್ಕೆ ಆ ವಿನಾಯಿತಿ ಇಲ್ಲ.

ಡೀಲರ್ ಟಾರ್ಚ್ ಹಚ್ಚಿದಾಗ

ಕಾಕಾಗೆ ಇದ್ದದ್ದು ಎರಡು ದಾರಿ. ಒಂದು, ವಾರಸುದಾರನಾಗಿ ತಾವೇ ಲೈಸೆನ್ಸಿಗೆ ಅರ್ಜಿ ಹಾಕೋದು. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಅದಕ್ಕೆ ಅವಕಾಶ ಇದೆ. ಅಷ್ಟೇ ಅಲ್ಲ, ಲೈಸೆನ್ಸ್‌ದಾರ ಬದುಕಿರುವಾಗಲೇ, ಅವನಿಗೆ 70 ವರ್ಷ ಆದಾಗ ಅಥವಾ ಬಂದೂಕು ಇಟ್ಟುಕೊಂಡು 25 ವರ್ಷ ಆದಾಗ, ತಾನು ಹೇಳಿದ ವಾರಸುದಾರನಿಗೆ ವರ್ಗಾಯಿಸೋಕೂ ಆಗ್ತದೆ. ಮುತ್ಯಾ ಇದ್ದಾಗಲೇ ಇದು ಗೊತ್ತಿದ್ದಿದ್ದರೆ ಆ ಐದು ತಿಂಗಳ ಭಯವೇ ಇರ್ತಿರಲಿಲ್ಲ. ಕಾಕಾ ಮಾತ್ರ ಬೇಡ ಅಂದರು. "ಎಲೆಕ್ಷನ್ ಬಂದಾಗೆಲ್ಲ ಅಪ್ಪ ಠಾಣೆಗಿ ಒಯ್ದು ಇಟ್ಟು ಬರ್ತಿದ್ದ. ನನಗ ಆ ಓಡ್ಯಾಟ ಬ್ಯಾಡವಾ."

ಇನ್ನೊಂದು, ಡೀಲರ್. ಹೇಗೆ ಮಾಡಬೇಕು ಅಂತ ಠಾಣೆಯವರನ್ನೇ ಕೇಳಿ, ಅರ್ಜಿ ಕೊಟ್ಟು, ಲೈಸೆನ್ಸ್ ಇರೋ ಒಬ್ಬ ಡೀಲರ್ ಬಂದು ನೋಡೋ ಹಾಗೆ ಮಾಡಿದ್ವಿ. ವಯಸ್ಸಾದ ಮನುಷ್ಯ. ಮೊದಲು ಲೈಸೆನ್ಸ್ ಪುಸ್ತಕದ ನಂಬರ್, ಬಂದೂಕಿನ ಮೇಲಿನ ನಂಬರ್ ಎರಡನ್ನೂ ನೋಡಿದರು. ಲೈಸೆನ್ಸಿಗೆ ಯುಐಎನ್ ಅನ್ನೋ ರಾಷ್ಟ್ರೀಯ ದಾಖಲೆ ನಂಬರ್ ಇದೆಯಾ ಅಂತ ಕೇಳಿದರು. ಪುಣ್ಯಕ್ಕೆ ಮುತ್ಯಾ ಮಾಡಿಸಿಟ್ಟಿದ್ದರು. ಕಾಗದ ಕೆಳಗಿಟ್ಟ ಮೇಲೆಯೇ ಬಂದೂಕು ಕೈಗೆ ತಗೊಂಡರು.

ಬಂದೂಕು ಮಡಚಿ ನಳಿಕೆಯೊಳಗೆ ಟಾರ್ಚ್ ಬಿಟ್ಟರು. ಬಲಗಡೆ ಪರವಾಗಿಲ್ಲ. ಎಡಗಡೆ ಗೀರುಗಳ ನಡುವೆ ತುಕ್ಕು ತಿಂದ ಸಣ್ಣ ಸಣ್ಣ ಗುಳಿ. ನಳಿಕೆಯನ್ನು ಮೆಲ್ಲಗೆ ಅಲ್ಲಾಡಿಸಿ ಕೀಲು ಸಡಿಲ ಆಗಿದೆಯಾ ನೋಡಿದರು. ನಳಿಕೆಯ ಕೆಳಗಿನ ಸಣ್ಣ ಮುದ್ರೆಗಳನ್ನು ಭೂತಗನ್ನಡಿ ಹಿಡಿದು ಓದಿದರು. ಆ ಮುದ್ರೆಗಳು ಇಂಗ್ಲೆಂಡಿನ ಪರೀಕ್ಷಾ ಕೇಂದ್ರದವು. ಯಾವ ಮದ್ದಿನ ಒತ್ತಡಕ್ಕೆ ನಳಿಕೆ ತಡೀತದೆ ಅಂತ ಪರೀಕ್ಷೆ ಮಾಡಿ ಒತ್ತಿದ ಗುರುತು. ನಮ್ಮದರಲ್ಲಿ ಇದ್ದದ್ದು ಕರಿಮದ್ದಿನ ಗುರುತು ಮಾತ್ರ. ಈಗಿನ ಕಾರ್ತೂಸಿನ ಒತ್ತಡ ಬೇರೆ. ಹಾಕಿ ಹೊಡೆದ್ರೆ ನಳಿಕೆ ಸೀಳಿ ಹೊಡೆಯೋನ ಕೈಗೇ ಬರಬಹುದು.

ಹಾಸಿಗೆ ಮೇಲೆ ಬಂದೂಕು ಇಟ್ಟು ಫೋಟೋ ತೆಗೆದ ನಮ್ಮ ತಮ್ಮ ಅಲ್ಲೇ ನಿಂತಿದ್ದ. ಬಾಯಿ ಮುಚ್ಚಿಕೊಂಡು ಕೇಳ್ತಿದ್ದ.

ಕೊನೆಗೆ ಅವರು ಹೇಳಿದ್ದು 40 ಸಾವಿರ. ಕಾಕಾ ಮುಖ ಸಣ್ಣದಾಯ್ತು. "ಸಾಹೇಬ್ರ, ಎರಡು ಥರದ್ದು ಅದ. ಎಡಗಡೀದಕ್ಕ ಏನೂ ಇಲ್ಲೇನ್ರಿ?"

ಆ ಹಿರಿಯರು ನಕ್ಕು ಹೇಳಿದ ಮಾತು ನನಗೆ ಇನ್ನೂ ನೆನಪಿದೆ. "ಎಡಗಡೀದಕ್ಕ ನಾ ಸೊನ್ನಿ ಹಾಕೀನಿ ಅಂತ ತಿಳಿಬ್ಯಾಡ್ರಿ. ಸೊನ್ನಿಗಿಂತ ಕಡಿಮಿ ಹಾಕೀನಿ. ಎರಡೂ 12 ಬೋರ್ ಇದ್ದಿದ್ರ ಇದಕ್ಕಿಂತ ಹೆಚ್ಚು ಕೊಡ್ತಿದ್ದೆ."

ಇಡೀ ನಾಲ್ಕು ತಿಂಗಳಲ್ಲಿ ನಾನು ಕಲಿತದ್ದು ಆ ಒಂದು ಮಾತಲ್ಲಿದೆ. ಹೆಚ್ಚು ಕೆಲಸ ಮಾಡೋ ವಸ್ತುವಿಗೆ ಹೆಚ್ಚು ಬೆಲೆ ಅಂತ ನಾವು ಅಂದ್ಕೋತೀವಿ. ಇಲ್ಲಿ ಆ ಎರಡನೇ ಕೆಲಸವೇ ಗಿರಾಕಿಯನ್ನು ದೂರ ಮಾಡಿತು. ಬಂದೂಕಿಗೆ ರೇಟು ಕಟ್ಟೋದು ಅದರ ಕಬ್ಬಿಣ ಅಲ್ಲ. ಅದನ್ನು ಕಾನೂನು ಪ್ರಕಾರ ಕೊಳ್ಳೋಕೆ ಎಷ್ಟು ಜನಕ್ಕೆ ಆಗ್ತದೆ ಅನ್ನೋದು.

ಕೊನೆಗೆ ಏನಾಯ್ತು

ಫೀ ಕಟ್ಟಿದ್ದು ಬಂದೂಕಲ್ಲ, ಎಮ್ಮೆ. ಕಾಕಾ ಇದ್ದ ಎರಡು ಎಮ್ಮೆಯಲ್ಲಿ ಒಂದನ್ನು ಸಂತೆಗೆ ಹೊಡೆದುಕೊಂಡು ಹೋದರು. ಬೆಳಿಗ್ಗೆ ಹೋದವರು ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿದ್ದರು, ಕೈಯಲ್ಲಿ ಬಂದೂಕಿನದಕ್ಕಿಂತ ಹೆಚ್ಚು ಹಣ ಇತ್ತು. ಎಮ್ಮೆ ಕೊಳ್ಳೋಕೆ ಯಾರ ಲೈಸೆನ್ಸೂ ಬೇಡ. ಸಂತೆಗೆ ಬಂದ ನೂರು ಮಂದಿಯಲ್ಲಿ ನೂರೂ ಮಂದಿ ಗಿರಾಕಿ.

ಬಂದೂಕಿನ ಕಾಗದಗಳೆಲ್ಲ ಮುಗಿದು 40 ಸಾವಿರ ಬ್ಯಾಂಕ್ ಖಾತೆಗೆ ಬರೋ ಹೊತ್ತಿಗೆ ತಂಗಿಯ ಮೊದಲ ವರ್ಷ ಅರ್ಧ ಮುಗಿದಿತ್ತು. ಆ ಹಣಕ್ಕೆ ಕಾಕಾ ಒಂದು ಕರು ತಂದರು, ಮಿಕ್ಕದ್ದು ಹಾಸ್ಟೆಲಿಗೆ. ಉದಗೀರಿಗೆ ಬಾ ಅಂದವನ ನಂಬರನ್ನು ಠಾಣೆಗೆ ಕೊಟ್ಟೆವು. ಅದು ಆಗಲೇ ಸ್ವಿಚ್ ಆಫ್ ಆಗಿತ್ತು.

ನಿಮ್ಮ ಮನೆಯಲ್ಲಿ ಹಳೇ ಬಂದೂಕು ಇದ್ದರೆ, ಹೀಗೆ ಮಾಡಿ.

ಒಂದು. ಇವತ್ತೇ ಲೈಸೆನ್ಸ್ ತೆಗೆದು ನೋಡಿ. ಯಾರ ಹೆಸರು, ಯಾವ ತಾರೀಖಿನ ತನಕ, ಯುಐಎನ್ ಇದೆಯಾ. ಈಗ ಲೈಸೆನ್ಸಿನ ಅವಧಿ 5 ವರ್ಷ.

ಎರಡು. ಮನೆಯ ಹಿರಿಯರಿಗೆ 70 ದಾಟಿದ್ದರೆ, ಮುಂದೆ ಇದು ಯಾರಿಗೆ, ಅಥವಾ ಯಾರಿಗೂ ಬೇಡವೋ ಅಂತ ಅವರು ಇರುವಾಗಲೇ ಮಾತಾಡಿ.

ಮೂರು. ಲೈಸೆನ್ಸ್‌ದಾರರು ತೀರಿಕೊಂಡಿದ್ದರೆ ಕಾಗದ ತಗೊಂಡು ಠಾಣೆಗೆ ಹೋಗಿ. ಬಂದೂಕು ಹೊತ್ತು ಓಡಾಡಬೇಡಿ, ಠಾಣೆಯವರು ಹೇಳಿದ ಹಾಗೆ ಒಪ್ಪಿಸಿ. ರಸೀದಿ ಜೋಪಾನ.

ನಾಲ್ಕು. ಮಾರೋದಿದ್ದರೆ ಲೈಸೆನ್ಸ್ ಇರೋ ಡೀಲರ್ ಅಥವಾ ಲೈಸೆನ್ಸ್ ಇರೋ ಗಿರಾಕಿ, ಈ ಇಬ್ಬರೇ. "ಕಾಗದ ಬ್ಯಾಡ" ಅಂದವನು ನಿಮ್ಮ ಗಿರಾಕಿ ಅಲ್ಲ.

ಐದು. ವಿದೇಶದ ರೇಟು ನೋಡಿ ಕನಸು ಕಾಣಬೇಡಿ. ಕಾರ್ತೂಸು ಇಲ್ಲೇ ಸಿಗ್ತದಾ, ನಳಿಕೆ ಹೇಗಿದೆ, ಎಷ್ಟು ಜನಕ್ಕೆ ಕೊಳ್ಳೋ ಹಕ್ಕಿದೆ. ಈ ಮೂರು ಕೇಳಿ.

ಆ ವರ್ಷದ ದಸರೆಗೆ ನಾನು ಕಮಲನಗರಕ್ಕೆ ಹೋಗಿದ್ದೆ. ಬಂದೂಕು ಇರ್ತಿದ್ದ ಗೋಡೆಯ ಮೂಲೆ ಖಾಲಿ. ಕಾಕು ಬನ್ನಿ ಎಲೆಯನ್ನು ಈ ಸಲ ಮುತ್ಯಾನ ಫೋಟೋ ಮುಂದೆ ಇಟ್ಟಿದ್ದರು. ತಂಗಿ ಹಾಸ್ಟೆಲಿಂದ ಬಂದಿದ್ದಳು, ಓಣಿಯ ಆಯಿಯೊಬ್ಬರ ಬಿಪಿ ನೋಡ್ತಾ ಕೂತಿದ್ದಳು. ತಮ್ಮ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ, "ಅಕ್ಕಾ, ಆ ಫೋಟೋ ಡಿಲೀಟ್ ಮಾಡೀನಿ."

ಈ ಸಂಚಿಕೆಯನ್ನು ಮನೆಯಲ್ಲಿ ಹಳೇ ಬಂದೂಕು ಇರೋ ನಿಮ್ಮ ಗೆಳೆಯರಿಗೆ ಒಂದು ಸಲ ಕಳಿಸಿ.